ಗೆಳತಿ ಇನ್ನೂ ಎದ್ದಾಳ

ಶಬಾನಾ ನದಾಫ ಸೈಕಲ್ ಮೇಲೆ ಕೂತಲ್ಲೇ ನಿದ್ದೆ ಹೋದಳು. ಗುರುವಾರ ಬೆಳಿಗ್ಗೆ ಏಳೂವರೆಗೆ, ಸಪ್ತಾಪುರದ ಇಳಿಜಾರಿನಲ್ಲಿ, ಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದಾಗ. ಎದುರಿಗೆ ಲಾರಿ ಇರಲಿಲ್ಲ, ನಾಯಿ ಅಡ್ಡ ಬರಲಿಲ್ಲ, ರಸ್ತೆಯಲ್ಲಿ ತಗ್ಗೂ ಇರಲಿಲ್ಲ. ಹಾಲಿನ ಅಂಗಡಿಯವನು ಕಣ್ಣಾರೆ ನೋಡಿದ್ದ. ಹುಡುಗಿಯ ತಲೆ ಮೆಲ್ಲಗೆ ಎದೆಯ ಮೇಲೆ ಬಿತ್ತು, ಸೈಕಲ್ ತನ್ನ ಪಾಡಿಗೆ ತಾನು ಹೋಗಿ ಗಟಾರದ ಕಲ್ಲಿಗೆ ಬಡಿಯಿತು. ಪೊಲೀಸರು ಬಂದು ‘ಅಜಾಗರೂಕತೆ’ ಅಂತ ಬರೆದುಕೊಂಡು ಹೋದರು. ಅಜಾಗರೂಕತೆಯಂತೆ! ಎಚ್ಚರವಾಗಿದ್ದೂ ಎಚ್ಚರವಾಗಿದ್ದೂ ದಣಿದು ಸುಣ್ಣವಾದ ಹುಡುಗಿಗೆ ಅಜಾಗರೂಕತೆ!

ಗೆಳತಿಯ ತಾಯಿ ಶೈಲಜಾ ಮುಳಗುಂದ ಸುದ್ದಿ ಕೇಳಿ ಆಸ್ಪತ್ರೆಗೆ ಓಡಿಹೋದಾಗ ಶಬಾನಾಳ ತಾಯಿ ಮಾಬೂಬಿ ಗೋಡೆಗೆ ಆತು ನೆಲದ ಮೇಲೇ ಕೂತಿದ್ದಳು. ಹೊಲಿಗೆ ಮಷಿನ್ ಮುಂದಿನಿಂದ ಎದ್ದು ಬಂದವಳು, ಕೊರಳಲ್ಲಿ ಅಳತೆಯ ಟೇಪು ಹಾಗೇ ಜೋತಾಡುತ್ತಿತ್ತು.

“ತಲಿಗೆ ಪೆಟ್ಟಾಗೇತ್ರಿ ಅಕ್ಕಾರ. ಬಾವು ಇಳಿಯೂತನಾ ಔಷಧ ಕೊಟ್ಟು ಮಲಗಿಸಿ ಇಡ್ತೀವಿ ಅಂದಾರ. ಮಲಗ್ಯಾಳ ನೋಡ್ರಿ, ಹೆಂಗ ಮಲಗ್ಯಾಳ. ಎಷ್ಟ ತಿಂಗಳಾತು ಅಕಿ ಹಿಂಗ ಮಲಗಿ!”

ಗಾಜಿನ ಆಚೆ ಶಬಾನಾ ಮಲಗಿದ್ದಳು. ತಲೆಗೆ ಬಿಳಿ ಪಟ್ಟಿ, ಮೂಗಿಗೆ ಕೊಳವೆ. ನರ್ಸ್ ಒಂದು ಸ್ಟೀಲ್ ತಟ್ಟೆ ತಂದು ಮಾಬೂಬಿಯ ಕೈಗೆ ಕೊಟ್ಟಳು. ಅದರಲ್ಲಿ ಕಿವಿಯ ಓಲೆ, ತಲೆಯ ಕ್ಲಿಪ್ಪು, ಕತ್ತರಿಸಿ ತೆಗೆದ ಒಂದು ನೀಲಿ ಕೈಪಟ್ಟಿ. ಆ ಕೈಪಟ್ಟಿಯ ಹೆಸರು ‘ಸಂಗಾತಿ’. ಅದನ್ನು ಮಾಡಿದವರಲ್ಲಿ ಶೈಲಜಾಳೂ ಒಬ್ಬಳು.

ಆ ಕಥೆಯನ್ನೂ ಹೇಳಿಬಿಡಬೇಕು, ಮುಚ್ಚಿಟ್ಟು ಪ್ರಯೋಜನವಿಲ್ಲ.

ಮೂರು ವರ್ಷದ ಹಿಂದೆ ಶೈಲಜಾ ನಿದ್ರಾ ಪ್ರಯೋಗಾಲಯವೊಂದರಲ್ಲಿ ತಂತ್ರಜ್ಞೆಯಾಗಿದ್ದಳು. ಆಗ ಅವರ ತಂಡಕ್ಕೆ ಹೊಳೆದದ್ದು ಒಂದು ಸರಳ ಸಂಗತಿ. ಹದಿಹರೆಯದ ಮಕ್ಕಳು ತಾಯಿ ಹೇಳಿದಾಗ ಮಲಗುವುದಿಲ್ಲ, ಗಡಿಯಾರ ಹೇಳಿದಾಗಲೂ ಮಲಗುವುದಿಲ್ಲ, ಗೆಳೆಯರು ಮಲಗಿದಾಗ ಮಲಗುತ್ತಾರೆ. ಅವರದು ಹಠವಲ್ಲ. ಮನುಷ್ಯನ ಮೆದುಳು ಬಲು ಹಳೆಯದು, ಗುಂಪುಗುಂಪಾಗಿ ಬೆಂಕಿಯ ಸುತ್ತ ಮಲಗುತ್ತಿದ್ದ ಕಾಲದ್ದು. ತನ್ನವರು ಎದ್ದಿದ್ದಾರೆಂದರೆ ಏನೋ ಇದೆ, ತಾನೂ ಎದ್ದಿರಬೇಕು. ತನ್ನವರು ಮಲಗಿದರೆ ಭಯವಿಲ್ಲ, ತಾನೂ ಮಲಗಬಹುದು. ಆ ವಯಸ್ಸಿನಲ್ಲಿ ‘ತನ್ನವರು’ ಅಂದರೆ ಅಪ್ಪ ಅವ್ವ ಅಲ್ಲ, ಅದು ಎಲ್ಲ ಮನೆಯ ಅಪ್ಪ ಅವ್ವಂದಿರಿಗೂ ಗೊತ್ತು.

ಹಾಗಾದರೆ ಗೆಳತಿ ಮಲಗಿದ್ದಾಳೆಂದು ಮೆದುಳಿಗೆ ತಿಳಿಸಿದರೆ? ಸಂಗಾತಿ ಮಾಡುತ್ತಿದ್ದದ್ದು ಅಷ್ಟೇ. ಒಬ್ಬಳ ನಾಡಿಬಡಿತ ಓದಿ ಇನ್ನೊಬ್ಬಳ ಮುಂಗೈಗೆ ಮುಟ್ಟಿಸುತ್ತಿತ್ತು. ಗೆಳತಿಯ ನಾಡಿ ನಿಧಾನವಾದ ಹಾಗೆ ಇವಳ ಕಣ್ಣೂ ಎಳೆಯುತ್ತಿದ್ದವು. ಮೊದಲು ಪ್ರಯೋಗಕ್ಕೆ ಕೂತವರು ಶೈಲಜಾಳ ಮಗಳು ದಾನೇಶ್ವರಿ ಮತ್ತು ಅವಳ ಗೆಳತಿ ಶಬಾನಾ. ಇಬ್ಬರೂ ಶೈಲಜಾಳ ಅಡುಗೆಮನೆಯಲ್ಲಿ ಮಿರ್ಚಿ ಭಜಿ ತಿನ್ನುತ್ತ ಕೈ ಚಾಚಿ ಕೂತಿದ್ದರು. ಖಾರ ನೆತ್ತಿಗೇರಿ ಶಬಾನಾಳಿಗೆ ಬಿಕ್ಕಳಿಕೆ ಬಂತು. ಎಚ್ಚರದ ನಾಡಿ ಹೇಗಿರುತ್ತದೆಂದು ತೋರಿಸಲು ಶೈಲಜಾ ಮುದ್ರಿಸಿಕೊಂಡ ಮೊದಲ ನಾಡಿಯಲ್ಲಿ ಆ ಬಿಕ್ಕಳಿಕೆಯೂ ಸೇರಿಕೊಂಡಿತು.

ಆಗಲೇ ಹುಡುಗಿಯರು ಒಂದು ಆಣೆ ಮಾಡಿಕೊಂಡರು. ಒಬ್ಬಾಕಿ ಎದ್ದಿರುವಾಗ ಇನ್ನೊಬ್ಬಾಕಿ ಮಲಗಬಾರದು. ಬ್ಯಾಂಡು ಬಂದ ಮೇಲೆ ಪ್ರಯೋಗದ ಎಲ್ಲ ಜೋಡಿಗಳಲ್ಲೂ ಅದೊಂದು ರಿವಾಜೇ ಆಯಿತು. ಮುರಿದವಳು ಮರುದಿನ ಗಿರ್ಮಿಟ್ ತಿನ್ನಿಸಬೇಕು. ಶೈಲಜಾಳಿಗೆ ಎಷ್ಟು ಮುದ್ದು ಬಂತೆಂದರೆ ಅದನ್ನು ವರದಿಯಲ್ಲೂ ಬರೆದಳು: ‘ಈ ಮಕ್ಕಳು ಗೆಳತಿ ಮಲಗಿದರೆ ಮಲಗುತ್ತಾರೆ, ಗೆಳತಿ ಎದ್ದಿದ್ದರೆ ಎಷ್ಟು ಹೊತ್ತಾದರೂ ಎದ್ದಿರುತ್ತಾರೆ.’

ವಾಕ್ಯದ ಮೊದಲರ್ಧ ಓದಿ ತಾಯಂದಿರು ಕೈ ಮುಗಿದರು. ಎರಡನೆಯ ಅರ್ಧ ಓದಿ ಶಿಖರ ಪಿಯು ಕಾಲೇಜಿನವರು ಯಂತ್ರವನ್ನೇ, ಅದರೊಳಗಿನ ಮುದ್ರಣಗಳ ಸಮೇತ, ಕೊಂಡುಕೊಂಡರು. ಪ್ರವೇಶದ ಅರ್ಜಿಯಲ್ಲಿ ಒಂದು ಸಾಲು ಸೇರಿತು: ‘ನಿನ್ನ ಜೀವದ ಗೆಳತಿ ಅಥವಾ ಗೆಳೆಯ ಯಾರು?’ ಆರುನೂರ ನಲವತ್ತು ಮಕ್ಕಳು ಪ್ರೀತಿಯಿಂದ, ದುಂಡಗಿನ ಅಕ್ಷರದಲ್ಲಿ, ಒಂದೊಂದು ಹೆಸರು ಬರೆದುಕೊಟ್ಟರು. ಶೈಲಜಾಳಿಗೂ ಅಲ್ಲಿ ಒಳ್ಳೆಯ ನೌಕರಿ ಸಿಕ್ಕಿತು. ಮಕ್ಕಳ ಕೈಯಿಂದ ಬರುವ ನಾಡಿಯನ್ನು ನೋಡಿಕೊಳ್ಳುವುದು ಅವಳ ಕೆಲಸ. ಮಕ್ಕಳ ಕೈಗೆ ಹೋಗುವ ನಾಡಿ ಪ್ರಿನ್ಸಿಪಾಲ್ ಇನಾಮದಾರರ ಪಾಲು.

ಒಂದು ವರ್ಷದಲ್ಲಿ ಮಕ್ಕಳ ನಿದ್ದೆ ಏಳು ತಾಸಿನಿಂದ ಆರಕ್ಕೆ, ಆರರಿಂದ ನಾಲ್ಕೂವರೆಗೆ ಇಳಿಯಿತು. ಶೈಲಜಾ ಒಮ್ಮೆ ಕೇಳಿದಳು. “ಪರೀಕ್ಷಾ ವರ್ಷ ಅಲ್ರೀ ಮೇಡಮ್” ಅಂದರು ಇನಾಮದಾರರು. ಅವಳೂ ಹೌದಲ್ಲ ಅಂದುಕೊಂಡು ಸುಮ್ಮನಾದಳು. ಈಗ ಗಾಜಿನ ಮುಂದೆ ನಿಂತು ಅದನ್ನು ನೆನೆಸಿಕೊಂಡರೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸಿತು.

ಮಧ್ಯಾಹ್ನ ಮನೆಗೆ ಬಂದಾಗ ಮಗಳು ದಾನಿ ಮೇಜಿನ ಮುಂದೆ ಕೂತಿದ್ದಳು. ಹಿಂದಿನ ದಿನ, ಬುಧವಾರ, ಅವಳಿಗೆ ಜ್ವರ ಬಂದಿತ್ತು. ಶೈಲಜಾ ಮಾತ್ರೆ ಕೊಟ್ಟು ಸಂಜೆ ಏಳಕ್ಕೇ ಮಲಗಿಸಿದ್ದಳು. ಹುಡುಗಿ ಜ್ವರದ ಮಂಪರಿನಲ್ಲಿ ಬೆಳಗಿನ ಏಳರವರೆಗೂ ಮಗ್ಗುಲು ಬದಲಿಸದೆ ಮಲಗಿದ್ದಳು. ಹಾಗಾಗಿ ಗುರುವಾರ ಶಬಾನಾ ಒಬ್ಬಳೇ ಸೈಕಲ್ ಹತ್ತಿದ್ದಳು. ಈಗ ಜ್ವರ ಬಿಟ್ಟಿತ್ತು, ಮುಖ ಮಾತ್ರ ಬಿಳಿಚಿತ್ತು. ಶೈಲಜಾ ಎಲ್ಲವನ್ನೂ ಹೇಳಿದಳು. ದಾನಿ ಅಳಲಿಲ್ಲ. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ತಾಯಿಯನ್ನೇ ದಿಟ್ಟಿಸಿದಳು.

“ಸುಳ್ಳ ಹೇಳಬ್ಯಾಡ ಅವ್ವಾ. ಅಕಿ ಎದ್ದಾಳ.”

“ಈಗ ನೋಡಿಕೊಂಡು ಬಂದೀನಿ ನಮ್ಮವ್ವಾ. ಔಷಧ ಕೊಟ್ಟು ಮಲಗಿಸ್ಯಾರ.”

“ಎದ್ದಾಳಂದ್ರ ಎದ್ದಾಳ! ಮುಟ್ಟಿ ನೋಡ ಬೇಕಾದ್ರ. ನಿನ್ನೆ ನಾ ಮಲಗಿಬಿಟ್ಟೆ, ಅಕಿ ಒಬ್ಬಾಕಿ ಎದ್ದು ಕುಂತಿದ್ಲು. ಅದಕ್ಕ ಹಿಂಗಾತು. ಇನ್ನ ಅಕಿ ಮಲಗೂತನಾ ನಾ ಮಲಗಂಗಿಲ್ಲ.”

ಶೈಲಜಾ ಮಗಳ ಬ್ಯಾಂಡಿನ ಒಳಗೆ ಬೆರಳು ತೂರಿಸಿದಳು. ನಾಡಿ ಬಡಿಯುತ್ತಿತ್ತು. ಚುರುಕಾಗಿ, ಗಟ್ಟಿಯಾಗಿ, ಪೂರ್ತಿ ಎಚ್ಚರವಿರುವ ಹುಡುಗಿಯ ನಾಡಿ. ಕತ್ತರಿಸಿದ ಬ್ಯಾಂಡು ಆಸ್ಪತ್ರೆಯ ತಟ್ಟೆಯಲ್ಲಿ ಬಿದ್ದಿದೆ, ಹುಡುಗಿ ಔಷಧದ ಮಂಪರಿನಲ್ಲಿದ್ದಾಳೆ, ಹಾಗಾದರೆ ಇದು ಯಾರದು? ಅವಳು ಉಸಿರು ಹಿಡಿದು ಎಣಿಸಿದಳು. ನಲವತ್ತನೆಯ ಬಡಿತದ ಹತ್ತಿರ ಒಂದು ತಡವರಿಕೆ, ಹಿಂದೆಯೇ ಎರಡು ಅವಸರದ ಬಡಿತ. ಮತ್ತೆ ಎಣಿಸಿದಳು. ಮತ್ತೆ ಅದೇ ಜಾಗದಲ್ಲಿ ಅದೇ ತಡವರಿಕೆ.

ಬಿಕ್ಕಳಿಕೆ. ತನ್ನದೇ ಅಡುಗೆಮನೆಯಲ್ಲಿ, ಮಿರ್ಚಿ ತಿಂದು ಶಬಾನಾ ಬಿಕ್ಕಳಿಸಿದ ಬಿಕ್ಕಳಿಕೆ! ತಾನೇ ಮುದ್ರಿಸಿಕೊಂಡದ್ದು!

ಶೈಲಜಾಳಿಗೆ ಈಗ ಎಲ್ಲ ಹೊಳೆಯಿತು. ಇಷ್ಟು ದಿನ ಕಾಲೇಜು ಯಾವ ಮಗುವಿಗೂ ಗೆಳತಿಯ ನಾಡಿ ಕಳಿಸುತ್ತಲೇ ಇರಲಿಲ್ಲ. ಹಳೆಯ ಎಚ್ಚರದ ನಾಡಿಯನ್ನು ಮುದ್ರಿಸಿಟ್ಟುಕೊಂಡು ತಿರುಗಿಸಿ ತಿರುಗಿಸಿ ಬಡಿಸುತ್ತಿತ್ತು. ಅವಳು ಎದ್ದಿದ್ದಾಳೆಂದು ಇವಳು ಎದ್ದಿದ್ದಳು, ಇವಳು ಎದ್ದಿದ್ದಾಳೆಂದು ಅವಳು ಎದ್ದಿದ್ದಳು. ಇಬ್ಬರ ಕಣ್ಣೂ ಉರಿಯುತ್ತಿದ್ದವು. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ ಅಲ್ಲವೇ? ಥೂ, ಇವರ ಜನ್ಮಕ್ಕಿಷ್ಟು!

“ಇದು ಶಬಾನಾ ಅಲ್ಲ ದಾನೀ. ಇದು ಹಳೇ ಮುದ್ರಣ. ಬಿಚ್ಚಿ ಕೊಡು.”

“ಬಿಚ್ಚಂಗಿಲ್ಲ! ಬಿಚ್ಚಿದ್ರ ನಾ ಮಲಗಿದೆ ಅಂತ ತಿಳಕೋತಾಳ!” ಅವಳು ಎಷ್ಟು ಜೋರಾಗಿ ಕಿರುಚಿದಳೆಂದರೆ ಪಕ್ಕದ ಮನೆಯವರು ಕಿಟಕಿ ತೆರೆದರು. ಶೈಲಜಾ ಕತ್ತರಿ ತಂದಳು. ಮಗಳು ಕೈಯನ್ನು ಹೊಟ್ಟೆಯ ಕೆಳಗೆ ಅಡಗಿಸಿಕೊಂಡು ನೆಲದ ಮೇಲೆ ಮುದುಡಿದಳು. ಬಿಡಿಸಲು ಹೋದರೆ ಹಲ್ಲಿನಿಂದ ಕಚ್ಚಿದಳು. ಚಿಕ್ಕಂದಿನಲ್ಲೂ ಕಚ್ಚದ ಹುಡುಗಿ. ಶೈಲಜಾ ಕತ್ತರಿ ಕೆಳಗಿಟ್ಟಳು. ಬ್ಯಾಂಡು ಕತ್ತರಿಸಬಹುದು. ಗೆಳತಿಯನ್ನು ಒಬ್ಬಳನ್ನೇ ಬಿಟ್ಟು ಮಲಗಿದೆ ಎಂಬ ಸಂಕಟವನ್ನು ಯಾವ ಕತ್ತರಿಯಿಂದ ಕತ್ತರಿಸುವುದು?

ಆ ದಿನ ದಾನಿ ಮಲಗಲಿಲ್ಲ. ಮರುದಿನವೂ ಇಲ್ಲ. ಶೈಲಜಾ ಹಾಲಿಗೆ ಅರಿಶಿನ ಹಾಕಿ ಕೊಟ್ಟಳು, ತಲೆಗೆ ಎಣ್ಣೆ ಹಚ್ಚಿ ತಿಕ್ಕಿದಳು, ಲಾಲಿಯನ್ನೂ ಹೇಳಿದಳು. ತೂಕಡಿಸಿ ತಲೆ ವಾಲಿದ ಕೂಡಲೇ ಮುಂಗೈಯ ಬಡಿತ ತಟ್ಟುತ್ತಿತ್ತು, ಹುಡುಗಿ ಬೆಚ್ಚಿ ಎದ್ದು ಕೂರುತ್ತಿದ್ದಳು. ಶುಕ್ರವಾರ ಸಂಜೆಗೆ ಗೋಡೆಯ ಜೊತೆ ಮಾತಾಡತೊಡಗಿದಳು. ಡಾಕ್ಟರನ್ನು ಕರೆಸಿದರೆ ಅವರು ಮಾತ್ರೆ ಬರೆದುಕೊಟ್ಟರು. ದಾನಿ ಅದನ್ನು ನಾಲಿಗೆಯ ಕೆಳಗಿಟ್ಟುಕೊಂಡು ಬಚ್ಚಲಿಗೆ ಹೋಗಿ ಉಗುಳಿ ಬಂದಳು. “ಶನಿವಾರ ಟೆಸ್ಟ್ ಅದ. ನಾನೂ ಶಬಾನಾನೂ ಬಾಜೂ ಬಾಜೂ ಕೂಡತೇವಿ” ಅಂದಳು. ಇನ್ನೊಂದು ದಿನ ಹೀಗೇ ಆದರೆ ಇವಳೂ ಎಲ್ಲೋ ಒಂದು ಕಲ್ಲಿಗೆ ತಲೆ ಕೊಡುತ್ತಾಳೆ. ಶೈಲಜಾಳಿಗೆ ಅದು ಹಗಲಿನಷ್ಟು ಸ್ಪಷ್ಟವಾಗಿ ಕಂಡಿತು.

ಶನಿವಾರ ಬೆಳಿಗ್ಗೆ ಮಗಳನ್ನು ಆಟೋದಲ್ಲಿ ಕೂರಿಸಿಕೊಂಡೇ ಕಾಲೇಜಿಗೆ ಹೋದಳು. ಮನೆಯಲ್ಲಿ ಬಿಟ್ಟರೆ ಸೈಕಲ್ ಹತ್ತುತ್ತಿದ್ದಳು. ದಾನಿ ಪರೀಕ್ಷೆಯ ಹಾಲಿಗೆ ಹೋದ ಮೇಲೆ ಶೈಲಜಾ ನೇರ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದಳು.

ಇನಾಮದಾರರು ಅವಲಕ್ಕಿ ತಿನ್ನುತ್ತಿದ್ದರು. “ಬರ್ರಿ ಮೇಡಮ್, ಕೂಡ್ರಿ. ಪಾಪ, ಆ ಹುಡುಗಿ ಹೆಂಗದಾಳ್ರಿ?”

“ಅಕಿ ಔಷಧದ ನಿದ್ದ್ಯಾಗ ಅದಾಳ. ನನ್ನ ಮಗಳ ಕೈಯಾಗ ಮಾತ್ರ ಎದ್ದು ಕುಂತಾಳ. ಯಾವ ಪುಣ್ಯಾತ್ಮರು ಎಬ್ಬಿಸಿ ಕೂಡಿಸೀರಿ ಸರ್?”

ಅವರು ಚಮಚ ಕೆಳಗಿಟ್ಟರು. ಸುಳ್ಳು ಹೇಳುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. “ನೋಡ್ರಿ, ನಾವು ಯಾರಿಗೂ ಮಲಗಬ್ಯಾಡ ಅಂದಿಲ್ಲ. ಬಡಿದಿಲ್ಲ, ಬೈದಿಲ್ಲ, ದಂಡ ಹಾಕಿಲ್ಲ. ಗೆಳತಿ ಎದ್ದಾಳ ಅಂತ ಹೇಳೇವಿ, ಅಷ್ಟ. ಓದೂದು ಅವರದ ಮನಸ್ಸು.”

“ಸುಳ್ಳ ಹೇಳೀರಿ!”

“ಹುರುಪು ತುಂಬೇವಿ. ಹೋದ ವರ್ಷದ ರಿಸಲ್ಟ್ ನೋಡೀರಲ್ಲ? ಪಾಲಕರು ನನಗ ಶಾಲು ಹೊದಿಸಿದ್ರು. ಮತ್ತ ಈ ವಿಚಾರ ಎಲ್ಲಿಂದ ಬಂತು? ನಿಮ್ಮ ವರದಿ, ಹನ್ನೊಂದನೇ ಪುಟ. ‘ಎಷ್ಟು ಹೊತ್ತಾದರೂ ಎದ್ದಿರುತ್ತಾರೆ.’ ಯಾರ ಮಾತ್ರಿ ಅದು?”

ಅದು ಶೈಲಜಾಳ ಮಾತೇ.

“ನಾನ ಬರದೀನಿ,” ಅಂದಳು. “ಮಕ್ಕಳು ಒಬ್ಬರಿಗೊಬ್ಬರು ಎಷ್ಟ ಜೀವ ಅಂತ ಹೇಳಾಕ ಬರದಿದ್ದೆ. ಆ ಜೀವಾನ ಹಿಂಡಿ ರ‍್ಯಾಂಕ್ ತಗೀರಿ ಅಂತಲ್ಲ. ಅರ್ಜಿ ಒಳಗ ಜೀವದ ಗೆಳತಿ ಯಾರಂತ ಕೇಳಿದ್ರಿ. ಅವು ನಂಬಿ ಬರದುಕೊಟ್ಟವು. ಹೆಗಲ ಮ್ಯಾಲ ಕೈ ಹಾಕಿ ಕುತ್ತಿಗಿ ಕೊಯ್ದ್ರಿ ನೀವು. ನಾಚಿಕಿ ಬರಂಗಿಲ್ಲೇನ್ರಿ?”

“ನೀವು ದಣಿದೀರಿ. ಮನಿಗೆ ಹೋಗಿ ಮಲಗ್ರಿ,” ಅಂದು ಇನಾಮದಾರರು ಅವಲಕ್ಕಿಯ ತಟ್ಟೆ ಹತ್ತಿರ ಎಳೆದುಕೊಂಡರು.

ಮಲಗ್ರಿ! ಆ ಮಾತು ಆ ಬಾಯಿಂದ ಬಂತಲ್ಲ, ಅದು ಕೇಳಿ ಶೈಲಜಾಳ ಮೈಯೆಲ್ಲ ಉರಿದುಹೋಯಿತು. ಕೆಳಗಿಳಿದು ಬಂದು ಮಾಬೂಬಿಗೆ ಫೋನು ಮಾಡಿದಳು.

“ಆ ನೀಲಿ ಪಟ್ಟಿ ಐತೇನವಾ ನಿನ್ನ ಹತ್ರ? ನರ್ಸಮ್ಮಗ ಕೈ ಮುಗದು ಕೇಳು. ಶಬಾನಾನ ಕೈಗೆ ಅರಿವಿ ಬಟ್ಟಿಲೆ ಕಟ್ಟಿಸು, ಬಿಗಿಯಾಗಿ. ಬಾಜೂಕ ಸಣ್ಣ ಗುಂಡಿ ಐತಿ, ಒತ್ತು.”

“ಯಾಕ್ರಿ ಅಕ್ಕಾರ? ಮತ್ತ ಅದೇ ಪೀಡಾನ ಕಟ್ಟೂದೇನು?”

“ದಾನಿ ಎರಡು ರಾತ್ರಿ ಆತು ಮಲಗಿಲ್ಲ. ನನ್ನ ಮಾತು ನಂಬವಲ್ಲಳು. ಶಬಾನಾನ ಹೇಳಬೇಕು.”

ಮಾಬೂಬಿಗೆ ಅಷ್ಟೇ ಸಾಕಾಯಿತು. ತಾಯಿಯಾದವಳು ಕೇಳಬೇಕಾದ್ದೂ ಇರಲಿಲ್ಲ. ಕೊರಳ ಅಳತೆಯ ಟೇಪನ್ನೇ ಕತ್ತರಿಸಿ ಕಟ್ಟಿದಳಂತೆ.

ಬ್ಯಾಂಡುಗಳ ನಿಯಂತ್ರಣ ಕೋಣೆಯಲ್ಲಿ ಗುರುಪಾದ ಒಬ್ಬನೇ ಇದ್ದ. ಶೈಲಜಾಳ ಕೈಕೆಳಗೆ ಎರಡು ವರ್ಷದಿಂದ ಕೆಲಸ ಮಾಡುವವನು. ಗೋಡೆಯ ಪರದೆಯ ಮೇಲೆ ಆರುನೂರ ನಲವತ್ತು ಸಣ್ಣ ದೀಪಗಳು. ಟೆಸ್ಟ್ ಶುರುವಾಗಿ ಇಪ್ಪತ್ತು ನಿಮಿಷವಾಗಿತ್ತು. ಶೈಲಜಾ ಮೂಲೆಯ ಕಪಾಟಿನ ಹತ್ತಿರ ಹೋದಳು. ಹೊರಗೆ ಹೋಗುವ ನಾಡಿಗೆ ಬೀಗವಿತ್ತು, ಅವಳಿಗೆ ತೆರೆಯಲು ಬರುತ್ತಿರಲಿಲ್ಲ. ಆದರೆ ಮುದ್ರಣಗಳೆಲ್ಲ ಇದ್ದದ್ದು ಅದರ ಪಕ್ಕದ ಕಪ್ಪು ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆ ಸಿಗದಿದ್ದರೆ ಬ್ಯಾಂಡು ಏನು ಮಾಡಬೇಕು? ತಾನಾಗಿಯೇ ಗೆಳತಿಯ ನಿಜವಾದ ನಾಡಿಯನ್ನು ಹುಡುಕಿಕೊಳ್ಳಬೇಕು. ಮೂರು ವರ್ಷದ ಹಿಂದೆ ಹಾಗೆಂದು ಅದರ ಹೊಟ್ಟೆಯಲ್ಲಿ ಬರೆದವಳು ಅವಳೇ. ಕೊಂಡವರಿಗೆ ಅದನ್ನು ಅಳಿಸುವ ಬುದ್ಧಿ ಬಂದಿರಲಿಲ್ಲ.

“ಮೇಡಮ್, ಅದು ಸರ್ ಅವರದು, ಮುಟ್ಟಬ್ಯಾಡ್ರಿ,” ಅಂದ ಗುರುಪಾದ.

“ನಿನಗ ತಂಗಿ ಅದಾಳಲ್ಲೋ ಗುರುಪಾದ, ಇದೇ ಕಾಲೇಜಿನ್ಯಾಗ?”

ಅವನು ಅವಳ ಮುಖ ನೋಡಿದ, ಪರದೆ ನೋಡಿದ. ಆಮೇಲೆ ಎದ್ದು ನೀರು ಕುಡಿಯಲು ಹೊರಗೆ ಹೋದ.

ಶೈಲಜಾ ಪೆಟ್ಟಿಗೆಯ ತಂತಿ ಹಿಡಿದು ಕಿತ್ತಳು. ಒಂದೇ ಸಲಕ್ಕೆ ಬರಲಿಲ್ಲ. ಗೋಡೆಗೆ ಕಾಲು ಕೊಟ್ಟು ಎಳೆದಳು.

ಮೊದಲು ಏನೂ ಆಗಲಿಲ್ಲ. ಅವಳು ಕಾರಿಡಾರಿಗೆ ಓಡಿ ಹಾಲಿನ ಕಿಟಕಿಯಲ್ಲಿ ಇಣುಕಿದಳು. ಸಾಲುಸಾಲು ತಲೆಗಳು, ಗೀಚುವ ಪೆನ್ನುಗಳು. ಮೂರನೆಯ ಸಾಲಿನ ಹುಡುಗನೊಬ್ಬ ಪೆನ್ನು ನಿಲ್ಲಿಸಿ ತನ್ನ ಮುಂಗೈ ನೋಡಿಕೊಂಡ. ತಿರುಗಿ ಹಿಂದಿನ ಬೆಂಚಿನ ಗೆಳೆಯನನ್ನು ನೋಡಿದ. ಅವನೂ ಇವನನ್ನೇ ನೋಡುತ್ತಿದ್ದ. ಎಷ್ಟೋ ತಿಂಗಳ ನಂತರ ಮೊದಲ ಸಲ ಅವರ ಕೈಗೆ ನಿಜ ಮುಟ್ಟಿತ್ತು. ಆ ನಿಜ ಒಂದೇ: ನಿನ್ನ ಗೆಳೆಯ ಸುಸ್ತಾಗಿದ್ದಾನೆ. ಒಬ್ಬ ತಲೆಯನ್ನು ಬೆಂಚಿಗೆ ಇಟ್ಟ. ಅದು ಇನ್ನೊಬ್ಬನ ಕೈಗೆ ತಲುಪಿತು. ಅವನೂ ಇಟ್ಟ. ಹತ್ತು ನಿಮಿಷದಲ್ಲಿ ಇಡೀ ಹಾಲಿಗೆ ಹಾಲೇ ಮಲಗಿತು. ಮೇಲ್ವಿಚಾರಕರು ಮೊದಲು ಕೂಗಿದರು, ಭುಜ ಹಿಡಿದು ಅಲ್ಲಾಡಿಸಿದರು, ಕೊನೆಗೆ ಏನು ಮಾಡುವುದೆಂದು ತಿಳಿಯದೆ ನಿಂತುಬಿಟ್ಟರು.

ದಾನಿ ಮಾತ್ರ ಎದ್ದಿದ್ದಳು. ಕಿಟಕಿಯ ಪಕ್ಕದ ಬೆಂಚು, ಬಾಜೂ ಜಾಗ ಖಾಲಿ. ಅವಳ ಬ್ಯಾಂಡು ಊರಿನ ಆಚೆ ತುದಿಯ ಆಸ್ಪತ್ರೆಯಲ್ಲಿ ಹುಡುಕುತ್ತಿರಬೇಕು. ಸಿಗುತ್ತೋ ಇಲ್ಲವೋ. ಅಳತೆಯ ಟೇಪು ಸಡಿಲವಾಗಿದ್ದರೆ? ಶೈಲಜಾ ಕಿಟಕಿಯ ಸರಳು ಹಿಡಿದು ನಿಂತಳು. ಯಾವ ದೇವರನ್ನು ನೆನೆಸಿಕೊಂಡಳೋ ಅವಳಿಗೇ ನೆನಪಿಲ್ಲ.

ದಾನಿಯ ಮುಖ ತಟ್ಟನೆ ಬದಲಾಯಿತು. ಮುಂಗೈಯನ್ನು ಎತ್ತಿ ಕಿವಿಗೆ ಹಿಡಿದಳು. ಅಲ್ಲಿ ಬಿಕ್ಕಳಿಕೆ ಇರಲಿಲ್ಲ. ನಿಧಾನವಾಗಿ, ಆಳವಾಗಿ, ಬಹಳ ದೂರದಿಂದ ಬರುವ ಬಡಿತ. ಅವಳು ಖಾಲಿ ಜಾಗದ ಕಡೆ ತಿರುಗಿ ಏನೋ ಅಂದಳು. ತುಟಿಯ ಚಲನೆಯಿಂದ ಶೈಲಜಾಳಿಗೆ ತಿಳಿಯಿತು: “ಮಲಗಿದಿ?” ಆಮೇಲೆ ಮೂರು ದಿನ ಅಳದ ಹುಡುಗಿ ಬೆಂಚಿಗೆ ಮುಖವಿಟ್ಟು ಅತ್ತಳು. ಅಳುತ್ತ ಅಳುತ್ತಲೇ ನಿದ್ದೆ ಹೋದಳು.

ಇನಾಮದಾರರು ಓಡಿ ಬಂದರು. “ಏನ್ ಮಾಡೀರಿ ಇದನ್ನ! ಪೊಲೀಸರನ್ನ ಕರೀತೀನಿ!”

“ಕರೀರಿ. ಮಕ್ಕಳನ್ನ ಎಬ್ಬಿಸದಂಗ ಕರೀರಿ,” ಅಂದಳು ಶೈಲಜಾ.

ಅವಳ ನೌಕರಿ ಹೋಯಿತು, ಮೇಲೆ ಒಂದು ಕೇಸೂ ಬಿತ್ತು. ಇನಾಮದಾರರ ಮೇಲೂ ಒಂದು ತನಿಖೆ ನಡೆದಿದೆ, ನಡೆಯುತ್ತಲೇ ಇದೆ. ಅಂದು ಸಂಜೆ ಮನೆಗೆ ಬಂದ ಪಾಲಕರಲ್ಲಿ ಕೆಲವರು ಕಣ್ಣೀರು ಹಾಕಿದರು. ಇನ್ನು ಕೆಲವರು ಗೇಟಿನಲ್ಲೇ ನಿಂತು ಒದರಿದರು: “ನಮ್ಮ ಹುಡುಗನ ಟೆಸ್ಟ್ ಹಾಳ ಮಾಡಿದ್ರಿ. ಒಂದು ದಿನ ಕಡಿಮಿ ಮಲಗಿದ್ರ ಯಾರೂ ಸಾಯಂಗಿಲ್ಲ!” ಅಂಥವರಿಗೆ ಏನು ಹೇಳುತ್ತೀರಿ? ಶೈಲಜಾ ಬಾಗಿಲು ಹಾಕಿಕೊಂಡಳು. ಒಳಗೆ ಮಗಳು ಮಲಗಿದ್ದಳು. ಭಾನುವಾರ ಮಧ್ಯಾಹ್ನದವರೆಗೂ ಮಲಗಿದ್ದಳು.

ಮುಂದಿನ ಬುಧವಾರ ಡಾಕ್ಟರು ಮಲಗಿಸುವ ಔಷಧ ನಿಲ್ಲಿಸಿದರು. ಗುರುವಾರ ಬೆಳಿಗ್ಗೆ ಶಬಾನಾ ಕಣ್ಣು ತೆರೆದಳು. ಮಾಬೂಬಿ ಒಂದು ಕಡೆ, ದಾನಿ ಒಂದು ಕಡೆ, ಶೈಲಜಾ ಕಾಲ ಬಳಿ. ದಾನಿಯ ಕೈಯಲ್ಲಿ ಬ್ಯಾಂಡು ಇರಲಿಲ್ಲ. ಗೆಳತಿಯ ಮುಂಗೈಯನ್ನು ಬೆರಳಿನಿಂದಲೇ ಹಿಡಿದು ಎಣಿಸುತ್ತಿದ್ದಳು.

ಶಬಾನಾ ಅವಳ ಕಡೆ ತಿರುಗಿದಳು. ಒಣಗಿದ ತುಟಿಯಲ್ಲೇ ನಕ್ಕಳು. ಅವಳ ಪಾಲಿಗೆ ಅದಿನ್ನೂ ಬಿದ್ದ ದಿನದ ಬೆಳಗು.

“ಜ್ವರ ಇಳೀತೇನ ನಿನಗ?” ಅಂದಳು. “ಏನ್ ಹುಡುಗಿ ಅದಿಯೇ ನೀ. ಅಷ್ಟ ಜ್ವರ ಇಟಗೊಂಡು ಬೆಳತನಾ ಎದ್ದು ಕುಂತಿದ್ದಿ. ಮಲಕೋತಾಳ, ಈಗ ಮಲಕೋತಾಳ ಅಂತ ಕಾದೆ. ನೀ ಮಲಗಲೇ ಇಲ್ಲ. ನಿನ್ನೊಬ್ಬಾಕೀನ ಬಿಟ್ಟು ನಾ ಹೆಂಗ ಮಲಗ್ಲಿ?”

ಶೈಲಜಾ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ದಾನಿ ಗೆಳತಿಯ ಕೈಯನ್ನು ಬಿಡಲಿಲ್ಲ. ಎಣಿಕೆ ಮಾತ್ರ ತಪ್ಪಿಹೋಗಿತ್ತು.

“ಶಬ್ಬೂ,” ಅಂದಳು, “ನಾ ಮಲಗಿದ್ದೆ. ಸಂಜೀ ಏಳರಿಂದ ಮಲಗಿದ್ದೆ.”